ಲೇಡೀಸ್ ಕ್ಲಾಸಿನ ಬಾಗಿಲಾಚೆ ಕೇಳಿದ ಸಸ್ಪೆನ್ಸ್ ಪಿಕ್ಚರುಗಳು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಇದನ್ನು ಹೇಳದೆ ಬೇರೆ ಮಾತು ಶುರು ಮಾಡಲು ನನ್ನಿಂದ ಆಗುವುದಿಲ್ಲ. ಹೆಸರು ಗೌರಿ, ನಾನು ಕರೆಯುವುದು ಗುಬ್ಬಿ ಅಂತ. ಇದನ್ನು ಬರೆಯುವಾಗಲೂ ನನ್ನ ತೊಡೆಯ ಮೇಲೆ ಮಲಗಿ ಪೆನ್ನಿನ ತುದಿ ಹಿಡಿಯಲು ಕೈ ಚಾಚುತ್ತಿದ್ದಾಳೆ. ಶಂಶಾಬಾದಿನ ನಮ್ಮ ಮನೆಯ ಮೇಲೆ ವಿಮಾನ ಹಾದುಹೋದಾಗಲೆಲ್ಲ ಬೆಚ್ಚಿಬಿದ್ದು ಮೊದಲು ನನ್ನ ಮುಖ ನೋಡುತ್ತಾಳೆ. ನಾನು ನಕ್ಕರೆ ತಾನೂ ನಗುತ್ತಾಳೆ. ಈ ವಯಸ್ಸಿನಲ್ಲಿ ಇಷ್ಟು ಸುಖ ಸಿಕ್ಕೀತು ಎಂದು ನಾನು ಎಣಿಸಿರಲಿಲ್ಲ. ಎದೆ ತುಂಬಿ ಹೊರಗೆ ಚೆಲ್ಲುವ ಹಾಗಾಗಿದೆ. ಹೀಗೆ ಹಿಗ್ಗುತ್ತಿರುವಾಗಲೇ ಹಳೆಯ ಕೆಲಸದ ನೆನಪು ಬಂದು ಕೂರುತ್ತದೆ, ಆಗ ಮನಸ್ಸು ಭಾರವಾಗುತ್ತದೆ.

ನಾನು ಕಲಿತದ್ದು ಮೂರನೇ ಇಯತ್ತೆ. ಬರೆಯಲು ಕೂತದ್ದು ನಮ್ಮ ಗಲ್ಲಿಯ ರೇಣುಕಾಳಿಂದ. ನಮ್ಮ ಹಾಗೆ ಅವಳದೂ ಯಾದಗಿರಿ ಕಡೆಯ ಮನೆ, ಅಪ್ಪ ಅವ್ವ ಕಟ್ಟಡದ ಕೆಲಸಕ್ಕೆ ಬಂದವರು. ಅವಳಿಗೆ ಮಾದಾಪುರದ ಮಾಲಿನಲ್ಲಿರುವ ಸಿನಿಮಾ ಹಾಲಿನ ಬಾಗಿಲಲ್ಲಿ ಟಿಕೆಟ್ ನೋಡುವ ಕೆಲಸ ಸಿಕ್ಕಿದೆ. ಕಪ್ಪು ಪ್ಯಾಂಟು, ಕೆಂಪು ಅಂಗಿ ಹಾಕಿಕೊಂಡು ನನಗೆ ತೋರಿಸಲು ಬಂದಿದ್ದಳು.

"ಅಜ್ಜಿ, ನೀನೂ ಟಾಕೀಸಿನ್ಯಾಗ ಇದ್ದಿ ಅಂತಲ್ಲ? ಏನ್ ಮಾಡ್ತಿದ್ದಿ?"

"ಮಂದೀ ಕೂಸು ಎತ್ತಿಕೊಂಡು ಬಾಗ್ಲದಾಗ ನಿಂದರತಿದ್ದೆ."

"ಅದಕ್ಕೂ ಪಗಾರ ಕೊಡ್ತಿದ್ರಾ!" ಎಂದು ನಕ್ಕಳು.

ಕೊಡುತ್ತಿದ್ದರು. ಅದು ಎಂಥ ಕೆಲಸ, ಅದರಿಂದ ನಾನು ಏನು ಕಲಿತೆ, ಕಲಿತದ್ದು ಕೊನೆಗೆ ಹೇಗೆ ಕೈಕೊಟ್ಟಿತು ಎಂಬುದನ್ನು ಅವಳಿಗೂ ಅವಳ ಜೊತೆಯ ಹುಡುಗಿಯರಿಗೂ ಹೇಳಬೇಕು. ಏಕೆಂದರೆ ನಮ್ಮ ಟಾಕೀಸು ಉಳಿಯುತ್ತದೋ ಮುಚ್ಚುತ್ತದೋ ಎಂಬುದು ಒಂದು ಸಸ್ಪೆನ್ಸ್ ಪಿಕ್ಚರ್ ಮೇಲೆ ನಿಂತಿತ್ತು. ಆ ಪಿಕ್ಚರ್ ಜನರನ್ನು ಹಿಡಿಯಿತು ಎಂದು ಗಟ್ಟಿಯಾಗಿ ಹೇಳಿದವಳು ನಾನೇ.

ಟಾಕೀಸು ಅಬಿಡ್ಸ್‌ನ ಪೇಟೆಯ ಹಿಂದಿನ ಒಂದು ಗಲ್ಲಿಯಲ್ಲಿತ್ತು. ನನ್ನ ಗಂಡ ಅಲ್ಲಿಯೇ ಹತ್ತಿರದ ಕಟ್ಟಡದಲ್ಲಿ ಗಾರೆ ಕೆಲಸ ಮಾಡುತ್ತಿದ್ದರು. ನಾನು ಮೊದಲು ಕಸ ಗುಡಿಸಲು ಸೇರಿದೆ. ಆಗ ಹೆಂಗಸರಿಗೆ ಬೇರೆ ಸಾಲು, ಬೇರೆ ಮೆಟ್ಟಿಲು, ಮೇಲೆ ಬೇರೆ ಕ್ಲಾಸು. ಆ ಬಾಗಿಲಿಗೆ ಒಬ್ಬ ಹೆಂಗಸೇ ಬೇಕು. ಇದ್ದ ಆಯಾ ಊರಿಗೆ ಹೋದವಳು ತಿರುಗಿ ಬರಲಿಲ್ಲ. ಮ್ಯಾನೇಜರ್ ಗುಂಡೇರಾಯರು ಪೊರಕೆ ಹಿಡಿದಿದ್ದ ನನ್ನ ಕೈಗೆ ಟಾರ್ಚು ಕೊಟ್ಟು, "ಮಲ್ಲಮ್ಮಾ, ಇವತ್ತಿನಿಂದ ಮ್ಯಾಲಿನ ಬಾಗ್ಲಾ ನಿಂದು" ಎಂದರು. ಬಾಗಿಲ ಕೆಲಸ ಸಿಕ್ಕಿದ್ದು ಹಾಗೆ.

ಟಿಕೆಟ್ ಹರಿಯುವುದು ಅರ್ಧ ಗಳಿಗೆಯ ಕೆಲಸ. ನಿಜವಾದ ಕೆಲಸ ಆಮೇಲೆ. ಒಳಗೆ ಕೂಸು ಅಳಲು ಶುರುವಾದರೆ ಸುತ್ತಲಿನವರು ಬೈಯುತ್ತಾರೆ. ತಾಯಿಗೆ ಪಿಕ್ಚರ್ ಬಿಡಲು ಮನಸ್ಸಿಲ್ಲ, ಅವಳು ಮನೆಯ ಕೆಲಸ ಮುಗಿಸಿ, ಅತ್ತೆಯನ್ನು ಒಪ್ಪಿಸಿ ಮ್ಯಾಟ್ನಿಗೆ ಬಂದವಳು. ಬಾಗಿಲು ಸಂದು ಮಾಡಿ ಕೂಸನ್ನು ನನ್ನ ಕೈಗೆ ದಾಟಿಸಿ ಒಳಗೆ ಓಡುತ್ತಿದ್ದಳು. ನಾನು ಹೆಗಲಿಗೆ ಹಾಕಿಕೊಂಡು ಹೊರಗಿನ ಪಡಸಾಲೆಯಲ್ಲಿ ಅಡ್ಡಾಡುತ್ತಿದ್ದೆ. ಒಂದು ಹೆಗಲಿಗೆ ಒಂದು, ಇನ್ನೊಂದಕ್ಕೆ ಇನ್ನೊಂದು. ಹೀಗಾಗಿ ನಾನು ಪಿಕ್ಚರ್ ನೋಡಿದ್ದು ಕಡಿಮೆ, ಬಾಗಿಲ ಹೊರಗಿನಿಂದ ಕೇಳಿದ್ದೇ ಜಾಸ್ತಿ.

ಕುಣಿತದ ಪಿಕ್ಚರ್, ದೇವರ ಪಿಕ್ಚರ್, ಅತ್ತೆ ಸೊಸೆ ಪಿಕ್ಚರ್ ಬಂದರೆ ನನಗೆ ಅಷ್ಟು ಕೂಸುಗಳು ಬರುತ್ತಿರಲಿಲ್ಲ. ಸಸ್ಪೆನ್ಸ್ ಪಿಕ್ಚರ್ ಬಂದರೆ ಮಾತ್ರ ಒಂದರ ಮೇಲೊಂದು. ಮೊದಮೊದಲು ದೊಡ್ಡ ಸದ್ದಿಗೆ ಅಳುತ್ತವೆ ಅಂದುಕೊಂಡಿದ್ದೆ. ಆದರೆ ಹೊಡೆದಾಟದಲ್ಲಿ ಡಮಾರ್ ಡಮಾರ್ ಅನ್ನುವಾಗ ಅವೇ ಕೂಸುಗಳು ಸುಖವಾಗಿ ನಿದ್ದೆ ಮಾಡುತ್ತಿದ್ದವು. ಸಸ್ಪೆನ್ಸ್ ಪಿಕ್ಚರಿನಲ್ಲಿ ಸದ್ದೇ ಇಲ್ಲದ ಕಡೆ, ಇಡೀ ಹಾಲು ಉಸಿರು ಬಿಗಿಹಿಡಿದ ಕಡೆ, ಕಿಟಾರನೆ ಕಿರುಚುತ್ತಿದ್ದವು. ಒಂದು ದಿನ ಬಾಗಿಲ ಸಂದಿನಲ್ಲಿ ನಿಂತು ನೋಡಿದಾಗ ಗೊತ್ತಾಯಿತು. ಪರದೆಯ ಮೇಲೆ ಹುಡುಗಿ ಒಬ್ಬಳೇ ಮನೆಯಲ್ಲಿದ್ದಾಳೆ, ಹೊರಗಿನಿಂದ ಯಾರೋ ಬೀಗದಲ್ಲಿ ಕೀಲಿ ತಿರುಗಿಸುತ್ತಿದ್ದಾರೆ. ನನ್ನ ಮುಂದೆ ಕೂತ ತಾಯಿ ಕಣ್ಣು ಮಿಟುಕಿಸದೆ ನೋಡುತ್ತ, ತನಗೆ ಗೊತ್ತಿಲ್ಲದೆ ಮಗುವನ್ನು ಎದೆಗೆ ಅವುಚಿಕೊಳ್ಳುತ್ತಿದ್ದಾಳೆ. ಬಿಗಿ, ಇನ್ನೂ ಬಿಗಿ. ಕೂಸು ಅತ್ತದ್ದು ಪಿಕ್ಚರಿಗಲ್ಲ, ಆ ಬಿಗಿಗೆ.

ಗುಂಡೇರಾಯರಿಗೆ ಇದನ್ನು ಹೇಳಿದೆ. ಅವರು ಬೀದರ ಕಡೆಯವರು, ಬಿಳಿ ಪ್ಯಾಂಟು, ಬಾಯಲ್ಲಿ ಯಾವಾಗಲೂ ಅಡಕೆ. ಆವತ್ತಿನಿಂದ ಅವರ ಲೆಕ್ಕ ಬದಲಾಯಿತು. ಹೊಸ ಸಸ್ಪೆನ್ಸ್ ಪಿಕ್ಚರ್ ಬಂದ ಶುಕ್ರವಾರ ಮ್ಯಾಟ್ನಿ ಬಿಟ್ಟ ಕೂಡಲೇ ಮೆಟ್ಟಿಲ ಕೆಳಗೆ ನಿಂತು ಕೇಳುತ್ತಿದ್ದರು.

"ಎಷ್ಟ್ ಕೂಸು ಹೊರಗ ಬಂದ್ವು ಮಲ್ಲಮ್ಮಾ?"

"ಹೆಗಲು ಸಾಲಲಿಲ್ರಿ ಸಾಹೇಬ್ರ."

"ಹಂಗಾರ ಓಡತೈತಿ!"

ಮೇಲೆ ಮಷೀನು ಓಡಿಸುವ ಖಾದರ್ ಭಾಯಿ ಇದನ್ನು ಕೇಳಿ ನಗುತ್ತಿದ್ದ. "ಅರೇ ಅಮ್ಮಾ, ಬಂಬಯಿದಾಗ ದೊಡ್ಡ ದೊಡ್ಡ ಮಂದಿ ಕೂತು ಪಿಚ್ಚರ್ ಹಿಟ್ಟೋ ಫ್ಲಾಪೋ ಅಂತ ತಲಿ ಕೆರಕೊಂತಾರ. ಇಲ್ಲಿ ನಿಮ್ಮ ಮ್ಯಾನೇಜರ್ ಸಾಬ್ ತೊಟ್ಟಿಲಾ ಕೇಳ್ತಾನ!"

ಖಾದರ್ ಭಾಯಿ ಏನೇ ಅಂದರೂ ಆ ಲೆಕ್ಕ ಬಹಳ ವರ್ಷ ತಪ್ಪಲಿಲ್ಲ.

ಬಾಗಿಲ ಹೊರಗೆ ನಿಂತು ನಾನು ತಿಳಿದ ಸಸ್ಪೆನ್ಸ್ ಪಿಕ್ಚರಿನ ಕಟ್ಟು ಇಷ್ಟು. ಮೊದಲು ಒಂದು ಸುಳ್ಳು ಹೆದರಿಕೆ ಬರಬೇಕು. ಗಾಳಿಗೆ ಕಿಟಕಿ ಬಡಿಯುತ್ತದೆ, ಬೆಕ್ಕು ಹಾರುತ್ತದೆ, ಇಲ್ಲವೇ ಹಿಂದಿನಿಂದ ಕೈ ಹಾಕಿದವನು ಗಂಡನೇ ಆಗಿರುತ್ತಾನೆ. ಹೆಂಗಸರು ಒಮ್ಮೆ ಚೀರಿ, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ಆ ನಗು ಮುಖ್ಯ. ನಕ್ಕಾಗ ಮೈ ಸಡಿಲಾಗುತ್ತದೆ. ಸಡಿಲಾದ ಮೈಗೆ ನಿಜವಾದ ಹೆದರಿಕೆ ನೇರ ಒಳಗೆ ಹೋಗುತ್ತದೆ. ನಗಿಸದೆ ಹೆದರಿಸಲು ಹೊರಟ ಪಿಕ್ಚರುಗಳು ನಮ್ಮಲ್ಲಿ ಒಂದು ವಾರ ನಿಲ್ಲಲಿಲ್ಲ.

ಎರಡನೆಯದು, ಇಂಟರ್ವಲ್ಲಿನ ಮೊದಲು ಒಬ್ಬನ ಮೇಲೆ ಎಲ್ಲರಿಗೂ ಗುಮಾನಿ ಬರಬೇಕು. ಹೆಂಗಸರು ಸಮೋಸ ತಿನ್ನುತ್ತ ನನ್ನ ಪಡಸಾಲೆಯಲ್ಲಿ ಪಂಚಾಯಿತಿ ನಡೆಸಬೇಕು. "ಆ ವಕೀಲನರಿ, ಅವನ ಮಾರಿ ನೋಡ್ರಿ" ಎಂದು ಒಬ್ಬಳು, "ಏ ಇಲ್ಲ, ಅವಂದು ಮಾರಿನ ಹಂಗ, ನಮ್ಮ ಮೈದುನನೂ ಹಂಗ ಅದಾನ" ಎಂದು ಇನ್ನೊಬ್ಬಳು. ಪಂಚಾಯಿತಿ ಜೋರಾದಷ್ಟು ಸಮೋಸ ತಣ್ಣಗಾಗುತ್ತಿತ್ತು. ಸಮೋಸ ಬಿಸಿಯಿರುವಾಗಲೇ ಖಾಲಿಯಾದರೆ ಪಿಕ್ಚರ್ ಸಪ್ಪೆ ಎಂದೇ ಅರ್ಥ.

ಮೂರನೆಯದು, ಕೊಲೆ ಮಾಡಿದವನು ಯಾರು ಎಂದು ತಿಳಿಯಲು ಹೆಂಗಸರು ಬರುತ್ತಿರಲಿಲ್ಲ. ಗಂಡಸರು ಅದಕ್ಕಾಗಿ ಬರುತ್ತಿದ್ದರು, ತಿಳಿದ ಮೇಲೆ ಹೊರಗೆ ಬರುತ್ತ ಮುಂದಿನ ಆಟಕ್ಕೆ ನಿಂತ ಸಾಲಿಗೆ ಬೇಕೆಂದೇ ಕೂಗಿ ಹೇಳುತ್ತಿದ್ದರು. ಅದಕ್ಕೆ ಗುಂಡೇರಾಯರು ಅಂಥ ಪಿಕ್ಚರ್ ಬಂದಾಗ ಗಂಡಸರನ್ನು ಹಿಂದಿನ ಸಂದಿಯಿಂದ ಹೊರಗೆ ಬಿಡಿಸುತ್ತಿದ್ದರು. ಹೆಂಗಸರು ಒಬ್ಬರೂ ಕೂಗಿದವರಲ್ಲ. ಅವರು ಬರುತ್ತಿದ್ದುದು ಆ ಒಂಟಿ ಹುಡುಗಿಗಾಗಿ. ಅವಳು ಬಾಗಿಲ ಹತ್ತಿರ ಹೋದರೆ ಇಡೀ ಕ್ಲಾಸು ಎದ್ದು ನಿಲ್ಲುತ್ತಿತ್ತು. "ತಲುಪು ತೀಯೊದ್ದಮ್ಮಾ!" ಎಂದು ತೆಲುಗಿನವಳು, "ಮತ್ ಖೋಲ್!" ಎಂದು ಬುರ್ಖಾದವಳು, "ಬಾಗ್ಲಾ ತೆಗೀಬ್ಯಾಡ ಯವ್ವಾ!" ಎಂದು ನಮ್ಮ ಕಡೆಯವಳು. ಮನೆಯಲ್ಲಿ ಹೆದರಿದರೆ ಒಬ್ಬಳೇ ಹೆದರಬೇಕು. ಇಲ್ಲಿ ಅಷ್ಟು ಜನ ಸೇರಿ ಹೆದರಬಹುದು, ಸೇರಿ ಬೈಯಬಹುದು, ಕೊನೆಗೆ ಸೇರಿ ನಿಟ್ಟುಸಿರು ಬಿಟ್ಟು ಮನೆಗೆ ಹೋಗಬಹುದು.

ಒಂದು ಸಲ ಭಾರೀ ಫಜೀತಿಯಾಯಿತು. ಎರಡು ಹೆಗಲಿಗೆ ಎರಡು ಕೂಸು, ಎರಡಕ್ಕೂ ಹಸಿರು ಕುಲಾಯಿ. ನಿದ್ದೆ ಹೋದವಲ್ಲ ಎಂದು ಕತ್ತಲಲ್ಲಿ ಒಳಗೆ ಹೋಗಿ ತಾಯಂದಿರ ಮಡಿಲಿಗೆ ಹಾಕಿ ಬಂದೆ. ಅದಲು ಬದಲಾಗಿತ್ತು. ಆಶ್ಚರ್ಯವೆಂದರೆ ಕೊನೆಯ ರೀಲು ಮುಗಿಯುವವರೆಗೆ ಇಬ್ಬರು ತಾಯಂದಿರಿಗೂ ಗೊತ್ತಾಗಲಿಲ್ಲ! ದೀಪ ಹತ್ತಿದ ಮೇಲೆ ಒಬ್ಬಳು, "ಅಯ್ಯಯ್ಯೋ, ಇದು ಗಂಡು, ನಂದು ಹೆಣ್ಣು!" ಎಂದು ಕೂಗಿದಳು. ನನ್ನ ಜೀವವೇ ಹೋಯಿತು. ಕೂಸುಗಳು ಸರಿಯಾದ ಮಡಿಲಿಗೆ ಸೇರಿದ ಮೇಲೆ ಇಬ್ಬರೂ ನನ್ನನ್ನು ಬೈದು, ಬೈಯುತ್ತಲೇ ನಕ್ಕು, ಮುಂದಿನ ವಾರ ಅದೇ ಪಿಕ್ಚರಿಗೆ ಒಟ್ಟಿಗೆ ಬಂದರು. ಗುಂಡೇರಾಯರು ಪಿಕ್ಚರ್ ಕೊಡುವ ಹಂಚಿಕೆದಾರನಿಗೆ ಫೋನು ಮಾಡಿ, "ಇನ್ನೂ ಎರಡು ವಾರ ಇರ್ಲಿ ಬಿಡ್ರಿ. ತಾಯಂದ್ರಿಗೆ ತಮ್ಮ ಕೂಸಿನ ಖಬರ ಇಲ್ಲದಂಗ ಐತಿ ಪಿಚ್ಚರ್" ಎಂದರು.

ಈಗ ಬರೆಯುವಾಗ ನಗು ಬರುತ್ತದೆ. ಮುಂದಿನದನ್ನು ಬರೆಯಲು ಕೈ ಏಳುವುದಿಲ್ಲ.

ಒಂದೊಂದೇ ಹೋಯಿತು. ಹೆಂಗಸರ ಬೇರೆ ಸಾಲು ಹೋಯಿತು. ರೀಲಿನ ಡಬ್ಬಿಗಳು ಹೋಗಿ ಕಂಪ್ಯೂಟರ್ ಬಂತು, ಖಾದರ್ ಭಾಯಿ ಗುಂಡಿ ಒತ್ತಿ ಸುಮ್ಮನೆ ಕೂರುವವನಾದ. ಮೆಟ್ರೊ ಬಂದಿತು, ಮಾಲುಗಳು ಬಂದವು. ಜನ ಅತ್ತ ಹರಿದರು. ಮನೆಯಲ್ಲಿ ನನ್ನ ಸೊಸೆ ಸುನೀತಾ ಫೋನಿನಲ್ಲಿ ಸಸ್ಪೆನ್ಸ್ ಪಿಕ್ಚರ್ ನೋಡುವುದನ್ನು ಕಂಡಿದ್ದೇನೆ. ಹುಡುಗಿ ಬಾಗಿಲ ಹತ್ತಿರ ಹೋದ ಕೂಡಲೇ ಬೆರಳಿನಿಂದ ಮುಂದಕ್ಕೆ ತಳ್ಳಿಬಿಡುತ್ತಾಳೆ.

"ಯಾಕವ್ವಾ, ಅದನ್ನ ನೋಡಬೇಕಲ್ಲ?"

"ಹೆದರಿಕಿ ಬರತೈತ್ರಿ ಅತ್ತಿ. ಕಡೀಕ ಯಾರಂತ ಗೊತ್ತಾದ್ರ ಸಾಕು."

ಹೆದರಿಕೆ ಬರುತ್ತದೆಂದು ಹೆದರಿಸುವ ಪಿಕ್ಚರನ್ನೇ ದಾಟಿಸುವವರಿಗೆ ಯಾವ ಪಿಕ್ಚರ್ ಮಾಡುವುದು?

ಕೊನೆಯ ಮಳೆಗಾಲದಲ್ಲಿ ಸೇಠಜಿ, ಅಂದರೆ ಟಾಕೀಸಿನ ಮಾಲೀಕರು, ನಮ್ಮನ್ನೆಲ್ಲ ಕೆಳಗಿನ ಪಡಸಾಲೆಯಲ್ಲಿ ನಿಲ್ಲಿಸಿದರು. ಹೊಸ ಹುಡುಗನೊಬ್ಬ ಮಾಡಿದ ಸಸ್ಪೆನ್ಸ್ ಪಿಕ್ಚರ್ ಆ ಶುಕ್ರವಾರ ಬರುವುದಿತ್ತು. "ಇದು ಹಿಡಿದು ಹಾಲ್ ತುಂಬಿದರೆ ದಸರಾವರೆಗೆ ನೋಡೋಣ. ಇಲ್ಲದಿದ್ದರೆ ಜಾಗ ಕೇಳಿದವರಿಗೆ ಕೊಟ್ಟುಬಿಡುತ್ತೇನೆ. ನನ್ನ ಮಕ್ಕಳಿಗೆ ಇದು ಬೇಡ" ಎಂದು ಹಿಂದಿಯಲ್ಲಿ ಹೇಳಿದರು. ಜೋರಾಗಿ ಹೇಳಲಿಲ್ಲ, ಆದ್ದರಿಂದ ನಮಗೆ ಇನ್ನೂ ದಿಗಿಲಾಯಿತು. ಅವರು ಹೋದ ಮೇಲೆ ಖಾದರ್ ಭಾಯಿ ಯಾರ ಮುಖವನ್ನೂ ನೋಡದೆ ಮೇಲೆ ಹತ್ತಿ ಹೋದ. ಅವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ನನಗೂ ಅಷ್ಟೆ, ಗಂಡ ತೀರಿಕೊಂಡ ಮೇಲೆ ಮನೆ ನಡೆದದ್ದು ಆ ಬಾಗಿಲಿನಿಂದ.

ಶುಕ್ರವಾರ, ಶನಿವಾರ ಜನ ಅರ್ಧ ಹಾಲು. ಇತ್ತ ಹಂಚಿಕೆದಾರ ಗುಂಡೇರಾಯರನ್ನು ಪೀಡಿಸುತ್ತಿದ್ದ. ಮುಂದಿನ ಶುಕ್ರವಾರ ದೊಡ್ಡ ಹೀರೋನ ಪಿಕ್ಚರ್ ಇದೆ, ನಿಮಗೆ ಬೇಕೋ, ಎದುರಿನ ಟಾಕೀಸಿಗೆ ಕೊಡಲೋ, ಸೋಮವಾರ ಹೇಳಿ ಎಂದು. ದೊಡ್ಡ ಹೀರೋನದು ತಂದರೆ ಒಂದು ವಾರ ತುಂಬುತ್ತದೆ, ಆಮೇಲೆ ಖಾಲಿ. ಸಸ್ಪೆನ್ಸ್ ಪಿಕ್ಚರ್ ಹಿಡಿದರೆ ಬಾಯಿಂದ ಬಾಯಿಗೆ ಹೋಗಿ ದಸರಾ ದಾಟುತ್ತದೆ. ಹಿಡಿಯದಿದ್ದರೆ ಮುಗಿಯಿತು. ಗುಂಡೇರಾಯರು ಭಾನುವಾರದ ಮ್ಯಾಟ್ನಿಗೆ ನನ್ನ ಜೊತೆ ಮೇಲಿನ ಪಡಸಾಲೆಯಲ್ಲಿ ನಿಂತರು.

ಭಾನುವಾರ ಮೇಲೆ ಹೆಂಗಸರು, ಮಕ್ಕಳು ಚೆನ್ನಾಗಿ ಬಂದಿದ್ದರು. ಇಂಟರ್ವಲ್ ಆದ ಮೇಲೆ ಒಳಗೆ ಸದ್ದು ಪೂರಾ ನಿಂತಿತು. ನನಗೆ ಗೊತ್ತಿರುವ ಸುಮ್ಮನಿರುವಿಕೆ ಅದು. ಆಗ ಒಂದು ಕೂಸು ಅತ್ತಿತು. ಹಿಂದೆಯೇ ಇನ್ನೊಂದು. ಆಮೇಲೆ ನಾಲ್ಕೂ ಮೂಲೆಯಿಂದ ಒಟ್ಟಿಗೆ ರಾಗ ಎದ್ದಿತು. ಎಷ್ಟೋ ವರ್ಷದಿಂದ ಕೇಳದ ರಾಗ! ನನ್ನ ಕೈಗಳು ತಾವಾಗಿ ಮುಂದೆ ಚಾಚಿದವು.

"ಹಿಡೀತ್ರಿ ಸಾಹೇಬ್ರ! ಪಿಚ್ಚರ್ ಹಿಡೀತು!"

ಗುಂಡೇರಾಯರ ಕಣ್ಣಲ್ಲಿ ನೀರು. "ಅಲ್ಲ ಮಲ್ಲಮ್ಮಾ, ಕೂಸು ಯಾಕ ಹೊರಗ ಬರವಲ್ವು?"

"ತಾಯಂದ್ರಿಗೆ ಏಳಾಕ ಮನಸಿಲ್ರಿ. ಅಷ್ಟ ಚಲೋ ಐತಿ."

ಸೋಮವಾರ ಅವರು ದೊಡ್ಡ ಹೀರೋನ ಪಿಕ್ಚರ್ ಬೇಡ ಎಂದು ಫೋನು ಮಾಡಿದರು.

ಶುಕ್ರವಾರ ಎದುರಿನ ಟಾಕೀಸಿನ ಮುಂದೆ ಡೋಲು, ಪಟಾಕಿ. ರಸ್ತೆ ಕಟ್ಟಿತ್ತು. ನಮ್ಮ ಮೆಟ್ಟಿಲ ಮೇಲೆ ನಾಯಿ ಮಲಗಿತ್ತು. ಶನಿವಾರವೂ ಹಾಗೆ, ಭಾನುವಾರವೂ ಹಾಗೆ. ಬಾಯಿಂದ ಬಾಯಿಗೆ ಹೋಗಬೇಕಾದ ಮಾತು ಎಲ್ಲಿಗೂ ಹೋಗಿರಲಿಲ್ಲ. ಮುಂದಿನ ಬುಧವಾರ ಒಬ್ಬ ತಾಯಿ ಅಳುವ ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು. ನಾನು ಓಡಿ ಹೋಗಿ ಕೈ ಚಾಚಿದೆ. ಅವಳು ಕೊಡಲಿಲ್ಲ.

"ಬ್ಯಾಡ್ರಿ ಅಮ್ಮಾ. ಇಲ್ಲಿ ಸಿಗ್ನಲ್ ಬರತೈತೇನು?"

ಕಿಟಕಿಯ ಹತ್ತಿರ ಹೋಗಿ ಫೋನನ್ನು ಕೂಸಿನ ಮುಂದೆ ಹಿಡಿದಳು. ಅದರಲ್ಲಿ ಬಣ್ಣದ ಬಾತುಕೋಳಿ ಕುಣಿಯಲು ಶುರುವಾಯಿತು. ಕೂಸು ಗಪ್ಪಾಯಿತು.

"ನಿಮ್ಮ ಗ್ವಾಡಿ ಭಾಳ ದಪ್ಪ ನೋಡ್ರಿ" ಎಂದಳು ಆಕೆ. "ಒಳಗ ವಿಡಿಯೋ ನಿಂತ್ ಬಿಡತೈತಿ. ನಿಂತ ಕೂಡ್ಲೇ ಇದು ಚೀರತೈತಿ. ಪಿಚ್ಚರ್ ಬಂದ ಮೊದಲ್ನೇ ಭಾನುವಾರ ನಮ್ಮಕ್ಕ ಬಂದಿದ್ಳು, ಎಲ್ಲಾರ ಫೋನೂ ಒಮ್ಮೆ ನಿಂತು, ಕೂಸುಗಳೆಲ್ಲಾ ಕೂಡಿ ಹುಯ್ಯಲು ಹಾಕಿದ್ವಂತ."

ನನ್ನ ಕೈ ಹಾಗೇ ಚಾಚಿಕೊಂಡಿತ್ತು. ಇಳಿಸಲು ಮರೆತಿದ್ದೆ.

"ಪಿಚ್ಚರ್ ಹ್ಯಾಂಗೈತವ್ವಾ?"

"ಐತ್ರಿ. ಕೊಲಿ ಮಾಡಿದಂವ ಡಾಕ್ಟರ್ ಅಂತ ಬರೂಕಿಂತ ಮೊದ್ಲ ಫೋನಿನ್ಯಾಗ ಓದೀನಿ. ಇವರಪ್ಪ ಟಿಕೆಟ್ ತಂದಿದ್ದ, ಅದಕ್ಕ ಬಂದೆ."

ಆ ಹೆಣ್ಣುಮಗಳ ಮೇಲೆ ನನಗೆ ಸಿಟ್ಟಿಲ್ಲ. ಕೂಸನ್ನು ಅವಳು ತೋಳಿನ ಮೇಲೆ ಸಡಿಲವಾಗಿ ಇಟ್ಟುಕೊಂಡಿದ್ದಳು, ಅದು ಹೂವಿನ ಹಾಗೆ ಆರಾಮವಾಗಿತ್ತು. ಪಿಕ್ಚರ್ ಅವಳ ಮೈಯನ್ನು ಮುಟ್ಟಿಯೇ ಇರಲಿಲ್ಲ. ಆ ಹುಡುಗ ಪಿಕ್ಚರನ್ನು ಕೆಟ್ಟದಾಗಿ ಮಾಡಿರಲಿಲ್ಲ, ಸುಳ್ಳು ಹೆದರಿಕೆ ಇತ್ತು, ನಗು ಇತ್ತು, ಗುಮಾನಿಯೂ ಇತ್ತು. ಹೆದರುವವರು ಇರಲಿಲ್ಲ.

ಗುಂಡೇರಾಯರಿಗೆ ಹೇಳಿದೆ. ಬಾಯಲ್ಲಿದ್ದ ಅಡಕೆ ಉಗುಳಿ ಬಂದರು. "ಇರ್ಲಿ ಬಿಡು ಮಲ್ಲಮ್ಮಾ. ಆ ಅಳು ನಾನೂ ಕೇಳಿದ್ನೆಲ್ಲ. ನೀ ಹೇಳದಿದ್ರೂ ಹಂಗ ತಿಳೀತಿದ್ದೆ." ಅವರು ಬೈದಿದ್ದರೆ ಚೆನ್ನಾಗಿತ್ತು.

ರೇಣುಕಾ, ನೀನು ಕೆಂಪು ಅಂಗಿ ಹಾಕಿಕೊಂಡು ನಿಂತಿರುವ ಬಾಗಿಲಿನಿಂದ ಒಳಗಿನ ಜನರ ಸದ್ದು ಕೇಳುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಿದರೂ ನಾನು ಮೇಲೆ ಬರೆದ ಯಾವ ಲೆಕ್ಕವೂ ನಿನ್ನ ಕೆಲಸಕ್ಕೆ ಬರುವುದಿಲ್ಲ. ಒಂದು ಉಮೇದು ಇಟ್ಟುಕೊಂಡು ಬರೆಯಲು ಕೂತೆ, ಬರೆಯುತ್ತ ಬರೆಯುತ್ತ ಅದು ಬರೀ ಹುಸಿ ಎಂದು ನನಗೇ ಖಾತ್ರಿಯಾಗುತ್ತಿದೆ.

ಆ ಬುಧವಾರದ ಮರುದಿನ, ಗುರುವಾರದ ಮ್ಯಾಟ್ನಿ. ಮೇಲೆ ಬಂದವರು ಒಂದು ಕೈಯ ಬೆರಳಿಗೆ ಸಿಗುವಷ್ಟು ಜನ. ನಾನು ಸ್ಟೂಲಿನ ಮೇಲೆ ಕೂತಿದ್ದೆ. ಇಂಟರ್ವಲ್ ಆಗಿ ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಂದು ಚೀರು ಕೇಳಿತು. ಹೊಟ್ಟೆಯ ಆಳದಿಂದ ಬಂದ ನಿಜವಾದ ಚೀರು. ಅದನ್ನು ನಾನು ತಪ್ಪು ತಿಳಿಯುವುದು ಸಾಧ್ಯವೇ ಇರಲಿಲ್ಲ. ತಡವಾದರೂ ಹಿಡಿಯಿತಲ್ಲ, ಒಬ್ಬಳನ್ನಾದರೂ ಹಿಡಿಯಿತಲ್ಲ, ಒಬ್ಬಳು ಹೋಗಿ ಹತ್ತು ಜನರಿಗೆ ಹೇಳುತ್ತಾಳೆ, ಇನ್ನೂ ದಿನ ಇವೆ ಎಂದು ಏನೇನೋ ಅಂದುಕೊಳ್ಳುತ್ತ ಬಾಗಿಲು ತಳ್ಳಿ ಒಳಗೆ ಓಡಿದೆ.

ಪರದೆಯ ಮೇಲೆ ಇಬ್ಬರು ಕೂತು ಚಹ ಕುಡಿಯುತ್ತಿದ್ದರು. ಹೆದರುವಂಥದ್ದು ಏನೂ ಇರಲಿಲ್ಲ. ಸೀಟುಗಳ ನಡುವೆ ಬಗ್ಗಿಕೊಂಡು ಇಬ್ಬರು ಗಂಡಸರು ಬರುತ್ತಿದ್ದರು. ಒಬ್ಬನ ಕೈಯಲ್ಲಿ ಟಾರ್ಚು, ಇನ್ನೊಬ್ಬನ ಕೈಯಲ್ಲಿ ಅಳತೆಯ ಟೇಪು. ಟೇಪು ನೆಲದಲ್ಲಿ ಹರಿದು ಒಬ್ಬ ಹೆಂಗಸಿನ ಕಾಲಿನ ಮೇಲೆ ಹಾದುಹೋಗಿತ್ತು. ಅವಳು ಕಾಲು ಸೀಟಿನ ಮೇಲೆ ಎಳೆದುಕೊಂಡು, ಎದೆಯ ಮೇಲೆ ಕೈ ಇಟ್ಟು, ಏದುಸಿರು ಬಿಡುತ್ತಿದ್ದಳು.

"ಹಾವಂತ ತಿಳಿದೆ ನೋಡ್ರಿ" ಎಂದು ನನಗೆ ಹೇಳಿ ನಾಚಿ ನಕ್ಕಳು.

ಜಾಗ ಕೊಳ್ಳುವವರ ಕಡೆಯವರು. ಸೇಠಜಿ ಆಟ ಮುಗಿಯುವವರೆಗೂ ಕಾಯಲು ಹೇಳಿರಲಿಲ್ಲ. ಟೇಪು ಹಿಡಿದವನು ನನ್ನ ಸೀರೆಯ ಮೇಲಿನ ಬಿಲ್ಲೆ ನೋಡಿ ಟಾಕೀಸಿನವಳು ಎಂದು ತಿಳಿದು, ತೆಲುಗಿನಲ್ಲಿ ಮರ್ಯಾದೆಯಿಂದಲೇ ಕೇಳಿದ, "ಅಮ್ಮಾ, ಈ ತುದಿ ಸ್ವಲ್ಪ ಗೋಡೆಗೆ ಒತ್ತಿ ಹಿಡಿಯುತ್ತೀರಾ?"

ನಾನು ಹಿಡಿದುಕೊಂಡೆ. ಅವನು ಆಚೆಯ ಗೋಡೆಯವರೆಗೆ ಹೋದ. ಟೇಪು ಬಿಗಿಯಾಯಿತು. ಅವನು ಅಂಕಿ ಕೂಗಿದ, ಟಾರ್ಚಿನವನು ಬರೆದುಕೊಂಡ. "ಬಿಡಿ ಅಮ್ಮಾ" ಎಂದ. ಬಿಟ್ಟೆ. ತುದಿ ನೆಲದ ಮೇಲೆ ಸರಸರ ಸರಿಯುತ್ತ, ಖಾಲಿ ಸೀಟುಗಳ ಕೆಳಗೆ ಹಾದು, ಅವನ ಕೈ ಸೇರಿತು.